ತಿಪ್ಪೆ, ಬಾವಿ, ತೋಡು: ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ನೀರು ಕೆಡದಂತೆ ಕಾಯುವ ದಾರಿಗಳ ಹೋಲಿಕೆ

ಪಶ್ಚಿಮ ಘಟ್ಟದ ಎರಡೂ ಮಗ್ಗುಲಿನಲ್ಲಿ ತೋಟದ ಮನೆಗಳ ಜೋಡಣೆ ಹೆಚ್ಚುಕಡಿಮೆ ಒಂದೇ ಬಗೆಯದು. ಮೇಲೆ ಗುಡ್ಡ ಅಥವಾ ಸೊಪ್ಪಿನ ಬೆಟ್ಟ, ಅದರ ಕೆಳಗೆ ಮನೆ ಮತ್ತು ಕೊಟ್ಟಿಗೆ, ಕೊಟ್ಟಿಗೆಗೆ ತಾಗಿಕೊಂಡೇ ಗೊಬ್ಬರದ ಗುಂಡಿ, ಅದಕ್ಕೂ ಕೆಳಗೆ ಅಡಿಕೆ ತೋಟ, ತೋಟದ ತಳದಲ್ಲಿ ತೋಡು ಅಥವಾ ಹಳ್ಳ. ಬಾವಿ ಇದೇ ಇಳಿಜಾರಿನಲ್ಲಿ, ನೀರು ಬೇಗ ಸಿಗುವ ತಗ್ಗಿನಲ್ಲಿ ಇರುತ್ತದೆ. ಗೊಬ್ಬರ ಹೊರುವವರಿಗೆ ಇಳಿದಾರಿ ಸಿಗಲೆಂದು ಹಿರಿಯರು ಮಾಡಿಕೊಂಡ ಈ ಏರ್ಪಾಡು ಕೆಲಸದ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಗೊಬ್ಬರ ಇಳಿಯುವ ದಾರಿಯಲ್ಲೇ ಗೊಬ್ಬರದ ರಸವೂ ಇಳಿಯುತ್ತದೆ, ಮತ್ತು ಅದು ಬುಟ್ಟಿಗಾಗಿ ಕಾಯುವುದಿಲ್ಲ.

ಬಾವಿ ಮತ್ತು ತೋಡಿನ ನೀರನ್ನು ಕಾಪಾಡಲು ಸಿಗುವ ಸಲಹೆಗಳಿಗೆ ಕೊರತೆಯಿಲ್ಲ. ಗುಂಡಿಗೆ ಸಿಮೆಂಟ್ ಮಾಡಿಸಿ ಎನ್ನುವವರಿದ್ದಾರೆ, ಗೋಬರ್ ಗ್ಯಾಸ್ ಹಾಕಿಸಿ ಎನ್ನುವವರಿದ್ದಾರೆ, ಬಾವಿಯನ್ನೇ ಬಿಟ್ಟು ಕೊಳವೆಬಾವಿ ತೆಗೆಸಿ ಎನ್ನುವವರಿದ್ದಾರೆ, ಅಡುಗೆಮನೆಗೆ ಫಿಲ್ಟರ್ ತಂದರೆ ಸಾಕು ಎನ್ನುವವರೂ ಇದ್ದಾರೆ. ಎಲ್ಲವನ್ನೂ ಮಾಡುವಷ್ಟು ದುಡ್ಡಾಗಲಿ ಆಳುಗಳಾಗಲಿ ಸಾಮಾನ್ಯ ಕೃಷಿಕರ ಬಳಿ ಇರುವುದಿಲ್ಲವಾದ್ದರಿಂದ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ, ಮಳೆನೀರು ಕೊಳೆಗೆ ತಾಗದಂತೆ ತಡೆಯುವ ಆಯ್ಕೆಗೆ ಮೊದಲ ಸ್ಥಾನ ಸಿಗಬೇಕು, ಕೆಟ್ಟ ನೀರನ್ನು ಹಿಡಿದಿಟ್ಟು ಶುದ್ಧ ಮಾಡುವ ಆಯ್ಕೆಗಳು ಆಮೇಲೆ ಬರಬೇಕು ಎಂಬುದು ನನ್ನ ನಿಲುವು. ಮಳೆ ಕಡಿಮೆಯಿದ್ದು ಆಳದ ಕೊಳವೆಬಾವಿಗಳನ್ನೇ ನಂಬಿರುವ ಬಯಲುಸೀಮೆಗೆ ಈ ಕ್ರಮ ಹಾಗೆಯೇ ಹೊಂದುವುದಿಲ್ಲ.

ಯಾವ ಕೊಳೆ ಯಾವ ದಾರಿ ಹಿಡಿಯುತ್ತದೆ

ಆಯ್ಕೆಗಳನ್ನು ಹೋಲಿಸುವ ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಸಗಣಿ, ಗಂಜಲ ಮತ್ತು ಯೂರಿಯಾದಲ್ಲಿರುವ ಸಾರಜನಕವು ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಇಂಗಿದಲ್ಲೆಲ್ಲ ಅದೂ ಇಂಗಿ ಬಾವಿಯನ್ನು ಸೇರುತ್ತದೆ. ರಂಜಕ ಮತ್ತು ತಾಮ್ರದ ಸ್ವಭಾವ ಇದಕ್ಕೆ ವಿರುದ್ಧವಾದದ್ದು. ಅವು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಬಾವಿಗೆ ಇಳಿಯುವುದು ಅಪರೂಪ, ಆದರೆ ಮಣ್ಣು ಕೊಚ್ಚಿ ಹೋದಾಗ ಕೆಂಪು ನೀರಿನ ಜೊತೆ ತೋಡಿಗೆ ಹೋಗುತ್ತವೆ. ರೋಗಾಣುಗಳು ಎರಡೂ ದಾರಿಯನ್ನು ಹಿಡಿಯಬಲ್ಲವು: ನುಣುಪಾದ ಮಣ್ಣು ಅವನ್ನು ಬಹುಮಟ್ಟಿಗೆ ಸೋಸುತ್ತದೆ, ಆದರೆ ಕರಾವಳಿಯ ಜಂಬಿಟ್ಟಿಗೆ ಕಲ್ಲಿನಲ್ಲಿರುವ ತೂತು, ಬಿರುಕು, ಪೊಟರೆಗಳ ಮೂಲಕ ನೀರು ಸೋಸಿಹೋಗುವುದಿಲ್ಲ, ಹರಿದೇ ಹೋಗುತ್ತದೆ.

ಆದ್ದರಿಂದ ತೋಡಿನ ಅಂಚಿಗೆ ಹುಲ್ಲು ನೆಟ್ಟ ಮಾತ್ರಕ್ಕೆ ಬಾವಿಯ ನೈಟ್ರೇಟ್ ಇಳಿಯುವುದಿಲ್ಲ, ಬಾವಿಗೆ ಎತ್ತರದ ಕಟ್ಟೆ ಕಟ್ಟಿದರೆ ತೋಡಿನ ಮೀನು ಉಳಿಯುವುದಿಲ್ಲ. ಒಂದಕ್ಕೆ ಮಾಡಿದ ಖರ್ಚನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಂಡು ಸಮಾಧಾನಪಡುವುದು ನಮ್ಮಲ್ಲಿ ಸಾಮಾನ್ಯವಾಗಿದೆ.

ಗೊಬ್ಬರದ ಗುಂಡಿ: ಸಿಮೆಂಟೋ, ಮಾಡೋ, ಗೋಬರ್ ಗ್ಯಾಸೋ

ಹೆಚ್ಚಿನ ತೋಟಗಳಲ್ಲಿ ಕೊಳೆಯ ಮುಖ್ಯ ಮೂಲ ಕೊಟ್ಟಿಗೆಯೇ ಆದ್ದರಿಂದ ಈ ಆಯ್ಕೆಯ ಮೇಲೆ ಉಳಿದವು ನಿಂತಿವೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರೆದ ಗುಂಡಿಯೊಂದನ್ನು ಊಹಿಸಿಕೊಳ್ಳಿ. 3,500 ಮಿಲಿಮೀಟರ್ ಮಳೆಯ ಊರಿನಲ್ಲಿ ಆ ಗುಂಡಿಯ ಬಾಯಿಗೆ ನೇರವಾಗಿ ಬೀಳುವ ನೀರೇ ವರ್ಷಕ್ಕೆ 21,000 ಲೀಟರ್. ಮೇಲಿನ ಅಂಗಳದಿಂದ ಹರಿದು ಬರುವುದು, ಕೊಟ್ಟಿಗೆಯ ಮಾಡಿನಿಂದ, ಅಂದರೆ ಚಾವಣಿಯಿಂದ, ಇಳಿಯುವುದು ಈ ಲೆಕ್ಕದಲ್ಲಿ ಸೇರಿಲ್ಲ. ನೂರು ಚದರ ಮೀಟರಿನ ಮಾಡಿನಿಂದ ಇಳಿಯುವ ನೀರು ಮೂರೂವರೆ ಲಕ್ಷ ಲೀಟರ್ ಮುಟ್ಟುತ್ತದೆ. ಇಷ್ಟೂ ನೀರು ಸಗಣಿಯನ್ನು ತೊಳೆದುಕೊಂಡು ಹೊರಡುತ್ತದೆ. ಆಷಾಢದಲ್ಲಿ ತಿಪ್ಪೆಯ ಬುಡದಿಂದ ಕಾಫಿಯ ಬಣ್ಣದ ನೀರು ಸಣ್ಣಗೆ ಹರಿದು ಬಸಿಗಾಲುವೆಗೆ ಸೇರುವುದನ್ನು ನೋಡದ ತೋಟಿಗರು ಇರಲಾರರು.

ತೆರೆದ ಮಣ್ಣಿನ ಗುಂಡಿಯಲ್ಲಿ ಈ ರಸದ ಒಂದು ಪಾಲು ಕೆಳಗೆ ಇಂಗುತ್ತದೆ, ಉಳಿದದ್ದು ಉಕ್ಕುತ್ತದೆ. ಕಲ್ಲು ಕಟ್ಟಿ ಸಿಮೆಂಟ್ ಗಿಲಾವು ಮಾಡಿದ ತೆರೆದ ಗುಂಡಿಯಲ್ಲಿ ಇಂಗುವುದು ನಿಲ್ಲುತ್ತದೆ, ಆದರೆ ಅಷ್ಟೂ ನೀರು ಉಕ್ಕಿ ಹರಿಯುತ್ತದೆ. ಅಂದರೆ ಬಾವಿಗೆ ಒಂದಿಷ್ಟು ಉಪಕಾರವಾಗಿ ತೋಡಿಗೆ ಹೆಚ್ಚು ಅಪಕಾರವಾಗುತ್ತದೆ. ತಳ ಮಣ್ಣಿನದೇ ಆಗಿದ್ದು ಮೇಲೆ ಮಾಡು ಇರುವ ಗುಂಡಿಯಲ್ಲಿ ಇಂಗುವುದಕ್ಕೆ ಗಂಜಲವನ್ನು ಬಿಟ್ಟರೆ ಹೆಚ್ಚು ನೀರೇ ಇರುವುದಿಲ್ಲ. ದರಗು (ಒಣಗಿದ ಎಲೆ), ಸೊಪ್ಪು, ಅಡಿಕೆ ಸಿಪ್ಪೆಯನ್ನು ದಪ್ಪವಾಗಿ ಹಾಸಿದರೆ ಅದನ್ನೂ ಅವು ಹೀರಿಕೊಳ್ಳುತ್ತವೆ. ಹೀಗಾಗಿ ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಹಣವಿದ್ದರೆ ಸಿಮೆಂಟನ್ನು ಬಿಟ್ಟು ಮಾಡನ್ನೇ ಆರಿಸಿಕೊಳ್ಳಬೇಕು. ಹಳೆಯ ತಗಡಿನ ಶೀಟು ಸಾಕು. ಅಡಿಕೆ ಸೋಗೆಯ ಮಾಡೂ ಆಗುತ್ತದೆ, ಆದರೆ ವರ್ಷವರ್ಷವೂ ಹೊದೆಸಬೇಕು. ಇದರ ಜೊತೆಗೆ ಗುಂಡಿಯ ಮೇಲ್ಬದಿಯಲ್ಲಿ ಮೊಣಕಾಲೆತ್ತರದ ಮಣ್ಣಿನ ದಿಂಡು, ಕೊಟ್ಟಿಗೆಯ ಮಾಡಿಗೆ ನೀರು ಹಿಡಿದು ಸಾಗಿಸುವ ಒಂದು ದಂಬೆ, ಇವಿಷ್ಟನ್ನು ಮಳೆಗಾಲಕ್ಕೆ ಮೊದಲು ಮಾಡಿಕೊಂಡರೆ ಕೊಳೆನೀರಿನ ಪ್ರಮಾಣವೇ ಕುಗ್ಗುತ್ತದೆ. ಮಾಡಿನಡಿಯ ಗೊಬ್ಬರದಲ್ಲಿ ಸಾರಜನಕ, ಪೊಟ್ಯಾಷ್ ತೊಳೆದುಹೋಗದೆ ಉಳಿಯುವುದರಿಂದ ಈ ಖರ್ಚು ಪೂರ್ತಿ ನೀರಿನ ಲೆಕ್ಕಕ್ಕೇ ಹೋಗುವುದಿಲ್ಲ.

ಮಾಡು ಹಾಕಿದ ಮೇಲೂ ಹಣ ಉಳಿದರೆ, ಮತ್ತು ಗುಂಡಿಗೂ ಬಾವಿಗೂ ಅಂತರ ಕಡಿಮೆಯಿದ್ದು ಅದನ್ನು ಬೇರೆಡೆಗೆ ಸರಿಸಲು ಜಾಗವಿಲ್ಲದಿದ್ದರೆ, ತಳಕ್ಕೆ ಕಾಂಕ್ರೀಟ್ ಹಾಕಿಸುವುದರಲ್ಲಿ ಅರ್ಥವಿದೆ. ಜಾಗವಿದ್ದರೆ ಸರಿಸುವುದೇ ಮೇಲು.

ಗೋಬರ್ ಗ್ಯಾಸ್ ಸ್ಥಾವರದ ಬಗ್ಗೆ ಒಂದು ಭ್ರಮೆಯಿದೆ. ಅದು ಸಗಣಿಯನ್ನು ಇಲ್ಲವಾಗಿಸುವುದಿಲ್ಲ, ದ್ರವವನ್ನಾಗಿ ಮಾಡುತ್ತದೆ. ಎರಡು ಘನ ಮೀಟರಿನ ದೀನಬಂಧು ಮಾದರಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕಬೇಕಾಗುತ್ತದೆ. ಹೆಚ್ಚುಕಡಿಮೆ 100 ಲೀಟರ್ ಸ್ಲರಿ ಪ್ರತಿದಿನ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಅದು ಚಿನ್ನದಂಥ ಗೊಬ್ಬರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಕ್ಕೆ ಹಾಕಿದರೆ ನಿಲ್ಲುವುದಿಲ್ಲ, ಹಾಕದಿದ್ದರೆ ಗುಂಡಿ ತುಂಬುತ್ತದೆ. ಸ್ಲರಿ ಗುಂಡಿಯನ್ನು ತೆರೆದಿಟ್ಟವರ ಸ್ಥಾವರವು ಮಳೆಗಾಲದಲ್ಲಿ ಹಳೆಯ ತಿಪ್ಪೆಗಿಂತ ಹೆಚ್ಚು ಕೊಳೆಯನ್ನು ತೋಡಿಗೆ ಬಿಡಬಲ್ಲದು. ನಾಲ್ಕಕ್ಕಿಂತ ಹೆಚ್ಚು ದನಗಳಿದ್ದು, ಅಡುಗೆಗೆ ಗ್ಯಾಸ್ ನಿಜವಾಗಿ ಬೇಕಾಗಿದ್ದು, ಸ್ಲರಿಯನ್ನು ಮಾಡಿನಡಿಯಲ್ಲಿ ದರಗಿನ ಮೇಲೆ ಸುರಿದು ಗಟ್ಟಿ ಗೊಬ್ಬರ ಮಾಡುವ ಏರ್ಪಾಡು ಇದ್ದರೆ ಇದು ಒಳ್ಳೆಯ ಆಯ್ಕೆ. ಒಂದೆರಡು ದನಗಳ ಮನೆಗೆ ಮೇಲೆ ಮಾಡು ಇರುವ ಗುಂಡಿಯೇ ಸಾಕು.

ರಾಸಾಯನಿಕ ಗೊಬ್ಬರದಲ್ಲಿ ಆಯ್ಕೆ ಪ್ರಮಾಣಕ್ಕಿಂತ ಕಾಲಕ್ಕೆ ಸಂಬಂಧಿಸಿದ್ದು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಇದನ್ನು ಮಳೆ ಹಿಡಿಯುವ ಹೊತ್ತಿಗೆ ಒಂದೇ ಸಲ ಹಾಕಿದರೆ ಸಾರಜನಕದ ಬಹುಪಾಲು ಮರಕ್ಕಿಂತ ಮೊದಲು ನೀರಿಗೆ ಸಿಗುತ್ತದೆ. ಮಳೆ ಇಳಿದ ಮೇಲೆ ಒಂದು ಕಂತು, ಬೇಸಿಗೆಯ ಆರಂಭದಲ್ಲಿ ನೀರಾವರಿಯ ಜೊತೆ ಇನ್ನೊಂದು ಕಂತು ಎಂದು ಹಂಚಿದರೆ ಖರ್ಚು ಅಷ್ಟೇ, ನಷ್ಟ ಕಡಿಮೆ.

ಬಾವಿ: ಕಟ್ಟೆ, ಗೋಡೆ, ಕೊಳವೆ

ಸಾರ್ವಜನಿಕ ಆರೋಗ್ಯದ ಪಠ್ಯಗಳು ಸುರಕ್ಷಿತ ಬಾವಿಗೆ ಹೇಳುವ ಅಳತೆಗಳು ಹಳೆಯವಾದರೂ ಇಂದಿಗೂ ಸಲ್ಲುತ್ತವೆ: ಕೊಳೆಯ ಮೂಲದಿಂದ ಕನಿಷ್ಠ 15 ಮೀಟರ್, ಅಂದರೆ 50 ಅಡಿ ದೂರ ಮತ್ತು ಅದಕ್ಕಿಂತ ಎತ್ತರದ ಜಾಗ, ನೆಲದಿಂದ 70–75 ಸೆಂಟಿಮೀಟರ್ ಎತ್ತರದ ಕಟ್ಟೆ, ಸುತ್ತಲೂ ಮೂರು ಅಡಿ ಅಗಲದ, ಹೊರಕ್ಕೆ ಇಳಿಜಾರಾಗಿರುವ ಕಾಂಕ್ರೀಟ್ ಜಗಲಿ, ಒಳಗೋಡೆಯ ಮೇಲಿನ 20 ಅಡಿಯವರೆಗೆ ನೀರು ಜಿನುಗದ ಕಟ್ಟಡ. ಜಂಬಿಟ್ಟಿಗೆ ನೆಲದಲ್ಲಿ 15 ಮೀಟರನ್ನು ಕೊನೆಯ ಮಿತಿಯೆಂದು ತಿಳಿಯಬೇಕೇ ಹೊರತು ಅಷ್ಟು ಬಿಟ್ಟರೆ ನಿಶ್ಚಿಂತೆ ಎಂದಲ್ಲ.

ಇವುಗಳಲ್ಲಿ ಜನ ಮೊದಲು ಮಾಡಿಸುವುದು ಕಟ್ಟೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಮಕ್ಕಳು, ಕರುಗಳು ಬೀಳದಿರಲು ಅದು ಬೇಕೇ ಬೇಕು. ಆದರೆ ನೀರು ಕೆಡುವುದು ಹೆಚ್ಚಾಗಿ ಕಟ್ಟೆಯ ಕೆಳಗಿನಿಂದ, ಮೇಲ್ಮಣ್ಣಿನ ಮೊದಲ ಕೆಲವು ಅಡಿಗಳಲ್ಲಿ ಗೋಡೆಯ ಸಂದಿಯಿಂದ ಒಳಬರುವ ನೀರಿನಿಂದ. ಜುಲೈ ತಿಂಗಳ ಒಂದು ಮಧ್ಯಾಹ್ನ ಮಳೆ ನಿಂತ ಕೂಡಲೇ ಟಾರ್ಚ್ ಹಿಡಿದು ಬಾವಿಯೊಳಗೆ ನೋಡಿದರೆ, ಯಾವ ಮಗ್ಗುಲಿನ ಕಲ್ಲಿನಿಂದ ನೀರು ಚಿಮ್ಮುತ್ತಿದೆ, ಅದು ತಿಳಿಯೋ ಕಂದೋ ಎಂಬುದು ಗೊತ್ತಾಗುತ್ತದೆ. ಕಂದು ನೀರು ಕೊಟ್ಟಿಗೆಯ ಮಗ್ಗುಲಿನಿಂದಲೇ ಬರುತ್ತಿದ್ದರೆ ಅಲ್ಲಿಯ ಸಂದಿಗಳನ್ನು ಬೇಸಿಗೆಯಲ್ಲಿ ಸಿಮೆಂಟ್ ಗಾರೆಯಿಂದ ಮುಚ್ಚಿಸಿ, ಹೊರಗೆ ಜಗಲಿ ಹಾಕಿಸುವುದು ಕಟ್ಟೆಯನ್ನು ಎತ್ತರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇಡೀ ಬಾವಿಗೆ ಸಿಮೆಂಟ್ ರಿಂಗ್ ಇಳಿಸುವುದು ಕುಸಿಯುವ ಮಣ್ಣಿಗೆ ಸರಿ. ಗಟ್ಟಿ ಜಂಬಿಟ್ಟಿಗೆಯ ಬಾವಿಗೆ ಅದು ಅನಗತ್ಯ, ಮೇಲಿನ ಭಾಗಕ್ಕೆ ಮಾತ್ರ ಇಳಿಸಿದರೂ ಸಾಕು.

ಕೊಳವೆಬಾವಿ ಆಳವಾಗಿದೆ, ಆದ್ದರಿಂದ ಶುದ್ಧವಾಗಿದೆ ಎಂಬ ನಂಬಿಕೆಯನ್ನು ಎಚ್ಚರದಿಂದ ಒಪ್ಪಬೇಕು. ರೋಗಾಣುಗಳ ಮಟ್ಟಿಗೆ ಅದು ಸಾಮಾನ್ಯವಾಗಿ ತೆರೆದ ಬಾವಿಗಿಂತ ಮೇಲು, ಆದರೆ ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಗೆ ಸರಿಯಾಗಿ ಕೂರಿಸದೆ, ಸುತ್ತಲಿನ ಸಂದಿಯನ್ನು ಮುಚ್ಚದೆ ಬಿಟ್ಟರೆ ಮೇಲ್ಮೈ ನೀರು ಪೈಪಿನ ಹೊರಮೈಗುಂಟ ನೇರ ಕೆಳಗಿಳಿಯುತ್ತದೆ. ನೈಟ್ರೇಟಿಗಂತೂ ಆಳ ದೊಡ್ಡ ತಡೆಯಲ್ಲ. ಹತ್ತಿರದ ತೆರೆದ ಬಾವಿಯನ್ನು ಪಾಳು ಬಿಟ್ಟು ಕಸ ತುಂಬುವವರು ತಮ್ಮ ಕೊಳವೆಬಾವಿಗೇ ಕೊಳೆಯ ದಾರಿ ತೆರೆಯುತ್ತಿದ್ದಾರೆ.

ಜಲಮರುಪೂರಣದ ಉತ್ಸಾಹದಲ್ಲಿ ಆಗುತ್ತಿರುವ ತಪ್ಪೂ ಇದೇ ಬಗೆಯದು. ಮನೆಯ ಮಾಡಿನ ನೀರನ್ನು ಮರಳು, ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೆ ಬಿಡುವುದು ಒಳ್ಳೆಯದು. ಅಂಗಳದ, ತೋಟದ, ರಸ್ತೆಯ ನೀರನ್ನು ಅದೇ ರೀತಿ ನೇರವಾಗಿ ಬಾವಿಗೋ ಕೊಳವೆಗೋ ಬಿಡಬಾರದು. ಮರಳು ಮಣ್ಣನ್ನು ಸೋಸುತ್ತದೆ, ಕರಗಿದ ಯೂರಿಯಾವನ್ನಾಗಲಿ ಕಳೆನಾಶಕವನ್ನಾಗಲಿ ಸೋಸುವುದಿಲ್ಲ. ಆ ನೀರಿಗೆ ಗುಡ್ಡದ ಮೇಲಿನ ಇಂಗುಗುಂಡಿಯೇ ಸರಿಯಾದ ಜಾಗ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಸುರಂಗಗಳಿಗೆ ಈ ಯಾವ ಕಟ್ಟಡವೂ ಉಪಯೋಗಕ್ಕೆ ಬರುವುದಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಲೆಯ ಮೇಲಿನ ಗುಡ್ಡದಿಂದಲೇ ಜಿನುಗುವುದರಿಂದ ಅಲ್ಲಿ ಏನು ಬೆಳೆಯುತ್ತೇವೆ, ಏನು ಸಿಂಪಡಿಸುತ್ತೇವೆ ಎಂಬುದೊಂದೇ ಕಾವಲು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಗುಡ್ಡಗಳ ಕೆಳಗೆ, ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲೂ, ಜನ ಕುಡಿಯುತ್ತಿದ್ದದ್ದು ಇಂಥ ನೀರನ್ನೇ. ಆ ವಿಷವನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ.

ಶೌಚದ ಗುಂಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೇ ಆಳವಾದ ಗುಂಡಿಗಿಂತ ಆಳ ಕಡಿಮೆಯಿರುವ ಜೋಡಿ ಗುಂಡಿ ಮೇಲು, ಏಕೆಂದರೆ ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ನಡುವೆ ಇರುವ ಒಣ ಮಣ್ಣೇ ಸೋಸುವ ಕೆಲಸ ಮಾಡುವುದು.

ತೋಡಿನ ಅಂಚು: ಹುಲ್ಲು, ಮರ, ತಡೆಗೋಡೆ

ತೋಡಿನ ದಂಡೆಗೆ ಕಲ್ಲಿನ ಗೋಡೆ ಕಟ್ಟುವವರು ಮಣ್ಣು ಕುಸಿಯುವುದನ್ನು ತಡೆಯುತ್ತಾರೆ, ಆದರೆ ತೋಟದಿಂದ ಬರುವ ನೀರನ್ನು ಗೋಡೆ ಸೋಸುವುದಿಲ್ಲ. ಲಾವಂಚದ ಸಾಲು ಬೇಗ ಬೇರೂರುತ್ತದೆ, ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ, ಕೆಂಪು ನೀರಿನ ವೇಗವನ್ನು ತಗ್ಗಿಸುತ್ತದೆ. ಆದರೆ ಅಡಿಕೆಯ ದಟ್ಟ ನೆರಳಿನಲ್ಲಿ ಸೊರಗುತ್ತದೆ. ನೆರಳಿರುವ ದಂಡೆಗೆ ಮುಂಡಿಗೆ, ವಾಟೆ, ಹೊಂಗೆ, ಹೊಳೆಮತ್ತಿಗಳ ಹಳೆಯ ಹಸಿರು ಪಟ್ಟಿಯೇ ಸರಿ. ಅದಿದ್ದವರು ಎರಡು ಸಾಲು ಅಡಿಕೆಯ ಆಸೆಗೆ ಕಡಿಯದೆ ಬಿಡುವುದೇ ಎಲ್ಲಕ್ಕಿಂತ ಅಗ್ಗದ ಕೆಲಸ.

ಅಡಿಕೆ ತೋಟದಲ್ಲಿ ಒಂದು ಸಮಸ್ಯೆಯಿದೆ, ಅದನ್ನು ಬಯಲಿನ ಬೇಸಾಯಕ್ಕಾಗಿ ಬರೆದ ಸಲಹೆಗಳು ಗಮನಿಸುವುದಿಲ್ಲ. ನಮ್ಮ ನೀರು ಹರಡಿಕೊಂಡು ತೋಡಿಗೆ ಹೋಗುವುದಿಲ್ಲ; ಪ್ರತಿ ಎರಡು ಸಾಲಿಗೊಂದರಂತೆ ತೋಡಿದ ಬಸಿಗಾಲುವೆಗಳಲ್ಲಿ ಒಟ್ಟುಗೂಡಿ, ಹಸಿರು ಪಟ್ಟಿಯನ್ನು ಸೀಳಿಕೊಂಡು ನೇರವಾಗಿ ತೋಡಿಗೆ ಬೀಳುತ್ತದೆ. ಹೀಗಿರುವಾಗ ಪಟ್ಟಿ ಎಷ್ಟು ಅಗಲವಿದ್ದರೂ ಪ್ರಯೋಜನ ಅಲ್ಪ. ಬಸಿಗಾಲುವೆಯ ಬಾಯಿಯಲ್ಲಿ, ತೋಡಿಗೆ ಸೇರುವ ಕೆಲವು ಅಡಿ ಮೊದಲು, ಒಂದು ಸಣ್ಣ ಹೂಳುಗುಂಡಿ ತೆಗೆದು, ಅದರ ಹೊರದಾರಿಗೆ ಕಲ್ಲುಗಳ ತಡೆಯನ್ನೋ ಹುಲ್ಲಿನ ಬುಡಗಳನ್ನೋ ಇಟ್ಟರೆ ಮಣ್ಣು ಅಲ್ಲಿ ಕೂರುತ್ತದೆ. ಮಳೆಗಾಲ ಮುಗಿದ ಮೇಲೆ ಆ ಗೋಡುಮಣ್ಣನ್ನು ಎತ್ತಿ ಮರದ ಬುಡಕ್ಕೆ ಹಾಕಬಹುದು. ದಂಡೆಯಲ್ಲಿ ಹೊಸದಾಗಿ ನೆಡುವುದಕ್ಕೂ ಹೂಳುಗುಂಡಿ ತೆಗೆಯುವುದಕ್ಕೂ ನಡುವೆ ಆಯ್ಕೆ ಬಂದರೆ ನಾನು ಹೂಳುಗುಂಡಿಯ ಪರ.

ಮೈಲುತುತ್ತದ ಪೀಪಾಯಿ

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಅಡಿಕೆ ಬೆಳೆಗಾರರ ಹಳೆಯ ಆಸರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೋರ್ಡೋ ಬಿಡಿ ಎಂದು ಹೇಳುವುದು ಸುಲಭ, ಬೆಳೆ ಉಳಿಸಿಕೊಳ್ಳಬೇಕಾದವರಿಗೆ ಅದು ಸಲಹೆಯೇ ಅಲ್ಲ. ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವ ಹಳೆಯ ಪದ್ಧತಿ ತೋಡಿಗೆ ಸಂಪೂರ್ಣ ನಿರಪಾಯಕಾರಿ; ಈಗ ಕರಡ ಹುಲ್ಲಿನ ಬದಲು ಪ್ಲಾಸ್ಟಿಕ್ ಬಂದಿದೆ, ಆದರೆ ಮರ ಹತ್ತಿ ಕಟ್ಟುವ ಕುಶಲಿಗಳು ಸಿಗುವುದು ಕಷ್ಟ. ಮನೆಯ ಸುತ್ತಲಿನ, ಬಾವಿಗೆ ಮತ್ತು ತೋಡಿಗೆ ಅಂಟಿಕೊಂಡ ಸಾಲುಗಳಿಗಾದರೂ ಕೊಟ್ಟೆ ಕಟ್ಟಿ, ಉಳಿದ ತೋಟಕ್ಕೆ ಬೋರ್ಡೋ ಹೊಡೆಯುವ ಬೆರಕೆ ಕ್ರಮ ಹೆಚ್ಚಿನವರಿಗೆ ಸಾಧ್ಯವಾಗಬಹುದು.

ಎಲೆಯ ಮೇಲಿಂದ ತೊಳೆದು ಬೀಳುವ ತಾಮ್ರಕ್ಕಿಂತ ತೋಡಿಗೆ ತಕ್ಷಣದ ಅಪಾಯ ಇರುವುದು ಕಲಸುವ ಜಾಗದಲ್ಲಿ. ನೀರು ಹತ್ತಿರವಿರಲೆಂದು ಪೀಪಾಯಿಗಳನ್ನು ತೋಡಿನ ದಂಡೆಯಲ್ಲೇ ಇಡುವುದು, ಸಂಜೆ ಉಳಿದದ್ದನ್ನು ಅಲ್ಲಿಯೇ ಚೆಲ್ಲಿ ಪೈಪು, ಗನ್ನು ತೊಳೆಯುವುದು ವಾಡಿಕೆ. ಉಳಿದದ್ದು 20 ಲೀಟರ್ ಆಗಿದ್ದರೂ ಅದರಲ್ಲಿ 200 ಗ್ರಾಂ ಮೈಲುತುತ್ತ ಇರುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಕರಗಿದ ತಾಮ್ರವು ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆಯಿದ್ದರೂ ಮೀನಿಗೆ ಮಾರಕವಾಗಬಲ್ಲದು. ಸುಣ್ಣ ಸೇರಿಸುವ ಮೊದಲಿನ ಬರೀ ಮೈಲುತುತ್ತದ ನೀರು ಚೆಲ್ಲಿದರಂತೂ ಹೇಳುವುದೇ ಬೇಡ. ಪಂಪಿನಿಂದ ನೀರನ್ನು ಮೇಲಿನ ಸಮತಟ್ಟು ಜಾಗಕ್ಕೆ ತಂದು ಅಲ್ಲಿ ಕಲಸಿ, ತೊಳೆದ ನೀರನ್ನು ಮರಗಳ ಬುಡಕ್ಕೆ ಹಂಚಿ ಸುರಿದರೆ ತಾಮ್ರವನ್ನು ಮಣ್ಣು ಹಿಡಿದುಕೊಳ್ಳುತ್ತದೆ. ಇದಕ್ಕೆ ಬೇಕಾಗುವುದು ಒಂದಿಷ್ಟು ಉದ್ದದ ಪೈಪು ಮಾತ್ರ.

ಕಳೆಯ ವಿಷಯದಲ್ಲಿ ಹೋಲಿಕೆಗೆ ಹೆಚ್ಚು ಅವಕಾಶವಿಲ್ಲ. ಇಳಿಜಾರಿನಲ್ಲಿ ಕಳೆನಾಶಕ ಹೊಡೆದರೆ ವಿಷದ ಜೊತೆಗೆ ಬರಿಯಾದ ಮಣ್ಣೂ ಹರಿದುಹೋಗುತ್ತದೆ. ಯಂತ್ರದಿಂದ ಸವರಿದರೆ ಬೇರು ಉಳಿದು ಮಣ್ಣು ನಿಲ್ಲುತ್ತದೆ.

ಕಾಫಿ ಪಲ್ಪಿಂಗ್: ನೀರು ಅತಿ ಕಡಿಮೆಯಿರುವಾಗ ಬರುವ ಕೊಳೆ

ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಮೇಲೆ ಹೇಳಿದ ಮಳೆಯ ತರ್ಕ ತಲೆಕೆಳಗಾಗುತ್ತದೆ. ಕಾಫಿ ಹಣ್ಣಿನ ಕೊಯ್ಲು ನವೆಂಬರ್‌ನಿಂದ ಫೆಬ್ರವರಿಯ ಆಚೀಚೆ, ಹಳ್ಳಗಳು ಸೊರಗುತ್ತಾ ಬರುವ ಕಾಲ. ಹಣ್ಣಿನ ಸಿಪ್ಪೆ ಕಳಚುವ ಪಲ್ಪಿಂಗ್ ಮಾಡಿದಾಗ ಹೊರಬರುವ ನೀರಿನಲ್ಲಿ ಹಣ್ಣಿನ ಲೋಳೆ ಮತ್ತು ಸಕ್ಕರೆ ತುಂಬಿರುತ್ತವೆ. ಅದು ಹುಳಿಯುತ್ತದೆ, ಹಳ್ಳಕ್ಕೆ ಸೇರಿದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಕಾವೇರಿ, ಹೇಮಾವತಿ, ಭದ್ರಾ ನದಿಗಳ ಮೇಲ್ಭಾಗದ ಹಳ್ಳಗಳು ಈ ಸೀಮೆಯಲ್ಲೇ ಹರಿಯುವುದರಿಂದ ಇದು ಒಂದು ಎಸ್ಟೇಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹೊಳೆಗಾಗಲಿ ಬಾವಿಗಾಗಲಿ ಕೊಳೆ ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ನೇರವಾಗಿ ನಿಷೇಧಿಸುತ್ತದೆ.

ಸಣ್ಣ ಬೆಳೆಗಾರರಿಗೆ ನೀರಿನ ದೃಷ್ಟಿಯಿಂದ ಅತಿ ಸುಲಭದ ದಾರಿ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರುವುದು. ರೋಬಸ್ಟಾದಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಅರೇಬಿಕಾದಲ್ಲಿ ಪಾರ್ಚ್‌ಮೆಂಟಿಗೆ, ಅಂದರೆ ಪಲ್ಪಿಂಗ್ ಮಾಡಿ ಒಣಗಿಸಿದ ಬೀಜಕ್ಕೆ, ಸಿಗುವ ಬೆಲೆಯ ವ್ಯತ್ಯಾಸ ದೊಡ್ಡದಾದ್ದರಿಂದ ಪಲ್ಪಿಂಗ್ ಬಿಡುವುದು ಕಷ್ಟ. ಆಗ ಲೋಳೆಯನ್ನು ಯಂತ್ರದಲ್ಲೇ ತೆಗೆಯುವ, ನೀರನ್ನು ಹಲವು ಪಟ್ಟು ಕಡಿಮೆ ಬಳಸುವ ಇಕೋ ಪಲ್ಪರ್ ಹಳೆಯ ಪಲ್ಪರಿಗಿಂತ ಸ್ಪಷ್ಟವಾಗಿ ಮೇಲು. ನೀರು ಕಡಿಮೆಯಾದಷ್ಟೂ ಅದನ್ನು ಹಿಡಿದಿಡುವ ತೊಟ್ಟಿ ಚಿಕ್ಕದಾಗುತ್ತದೆ. ಆದರೆ ನೀರು ಕಡಿಮೆಯಾಯಿತೆಂದರೆ ಕೊಳೆ ಕಡಿಮೆಯಾಯಿತೆಂದಲ್ಲ, ಅದು ಗಟ್ಟಿಯಾಗಿದೆ ಅಷ್ಟೇ. ಆದ್ದರಿಂದ ತಳಕ್ಕೆ ಹಾಳೆ ಹಾಸಿದ ತೊಟ್ಟಿ, ಸುಣ್ಣ ಹಾಕಿ ಹುಳಿ ತಗ್ಗಿಸುವುದು, ಗಾಳಿಯಿಲ್ಲದ ಮತ್ತು ಗಾಳಿಯಾಡುವ ತೊಟ್ಟಿಗಳಲ್ಲಿ ಹಂತಹಂತವಾಗಿ ಕೊಳೆಯಿಸುವುದು ಇಕೋ ಪಲ್ಪರ್ ಇದ್ದವರಿಗೂ ತಪ್ಪಿದ್ದಲ್ಲ. ಹತ್ತಾರು ಎಕರೆಗಿಂತ ಕಡಿಮೆಯಿರುವವರು ಇಷ್ಟನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ, ಸರಿಯಾದ ತೊಟ್ಟಿಗಳಿರುವ ನೆರೆಯವರಿಗೆ ಹಣ್ಣನ್ನೇ ಕೊಡುವುದು ಲೆಕ್ಕಕ್ಕೂ ಒಳ್ಳೆಯದು.

ಪರೀಕ್ಷೆ, ಬ್ಲೀಚಿಂಗ್ ಪೌಡರ್, ಫಿಲ್ಟರ್

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ 10500 ಸಂಖ್ಯೆಯ ಮಾನದಂಡ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರು ಸಿಗದಿದ್ದರೂ ಇದರಲ್ಲಿ ವಿನಾಯಿತಿಯಿಲ್ಲ. ಇ ಕೊಲೈ 100 ಮಿಲಿಲೀಟರ್ ಮಾದರಿಯಲ್ಲಿ ಕಾಣಿಸಿಕೊಳ್ಳಲೇಬಾರದು. ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಸರಿಯಿದೆ ಎಂದುಕೊಳ್ಳುವುದು ಇಲ್ಲಿ ಸಲ್ಲದು, ಏಕೆಂದರೆ ಬಾವಿಗೆ ಹೊಸ ನೀರು ಇಳಿಯುವುದು ಜೂನ್‌ನಲ್ಲಿ. ಮೊದಲ ಜೋರು ಮಳೆಗಳಾದ ಒಂದೆರಡು ವಾರದಲ್ಲಿ ಒಂದು ಮಾದರಿ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಮಾದರಿ ಪರೀಕ್ಷಿಸಿದರೆ ಚಿತ್ರ ಸಿಗುತ್ತದೆ. ಕಪ್ಪಾಗುವ ಸಣ್ಣ ಶೀಶೆಯ ಪರೀಕ್ಷೆ ರೋಗಾಣುಗಳ ಸುಳಿವನ್ನು ಒಂದೆರಡು ದಿನಗಳಲ್ಲಿ ಮನೆಯಲ್ಲೇ ಕೊಡುತ್ತದೆ. ನೈಟ್ರೇಟಿಗೆ ಗ್ರಾಮ ಪಂಚಾಯ್ತಿಯಲ್ಲಿರುವ ಪರೀಕ್ಷಾ ಕಿಟ್ ಅಥವಾ ಜಿಲ್ಲಾ ಪ್ರಯೋಗಾಲಯ ಬೇಕು.

ರೋಗಾಣು ಕಂಡುಬಂದರೆ ಬ್ಲೀಚಿಂಗ್ ಪೌಡರ್ ಸಾಕು, ಅದನ್ನು ಅಂದಾಜಿಗೆ ಹಾಕಬಾರದು. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್ ಆಗುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯ ಲೆಕ್ಕದಲ್ಲಿ 70 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕದಡಬೇಕು, ಒಂದು ಗಂಟೆಯಾದರೂ ನೀರನ್ನು ಬಳಸದೆ ಬಿಡಬೇಕು. ಕುಡಿಯುವ ನೀರನ್ನು ಕುದಿಸುವ ಮನೆಗಳಿಗೆ ರೋಗಾಣುಗಳ ಭಯ ಕಡಿಮೆ.

ನೈಟ್ರೇಟಿಗೆ ಇವೆರಡೂ ನಡೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಗಾಢವಾಗುತ್ತದೆ. ಮೇಣದಬತ್ತಿ ಫಿಲ್ಟರು, ಯುವಿ ಯಂತ್ರಗಳು ಅದನ್ನು ಮುಟ್ಟುವುದಿಲ್ಲ, ಆರ್‌ಒ ಯಂತ್ರ ಮಾತ್ರ ತಗ್ಗಿಸುತ್ತದೆ. ಬಾವಿಯಲ್ಲಿ ಮಿತಿ ಮೀರಿದ್ದರೆ, ಮನೆಯಲ್ಲಿ ಆರು ತಿಂಗಳೊಳಗಿನ ಕೂಸಿದ್ದು ಅದಕ್ಕೆ ಹಾಲಿನ ಪುಡಿಯನ್ನು ಈ ನೀರಿನಲ್ಲಿ ಕಲಸಿ ಕೊಡುತ್ತಿದ್ದರೆ, ಗುಂಡಿ ಸರಿಸುವವರೆಗೂ ಕಾಯದೆ ಅಂದೇ ಬೇರೆ ಮೂಲದ ನೀರಿಗೆ ಬದಲಾಗಬೇಕು. ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ತೊಂದರೆ ಕೂಸುಗಳಿಗೆ ದೊಡ್ಡವರಿಗಿಂತ ಬಹಳ ಬೇಗ ಬರುತ್ತದೆ. ಗುಂಡಿಯನ್ನು ಸರಿಸಿದ ಮೇಲೂ ಮಣ್ಣಿನಲ್ಲಿ ಸೇರಿರುವ ನೈಟ್ರೇಟ್ ಕೂಡಲೇ ಹೋಗುವುದಿಲ್ಲವಾದ್ದರಿಂದ, ಮುಂದಿನ ಮಳೆಗಾಲಗಳಲ್ಲಿಯೂ ಪರೀಕ್ಷೆಯನ್ನು ಮುಂದುವರಿಸಬೇಕಾಗುತ್ತದೆ.